ಡಾಕ್ಟರಿಗೆ ಗೊತ್ತಿದ್ದರೆ ಸಾಕೆ?

ಮೂಡಿಗೆರೆ ತಾಲ್ಲೂಕಿನ ನಮ್ಮ ಗೋಣಿಬೀಡಿನ ಗೊಬ್ಬರದಂಗಡಿಯಲ್ಲಿ ಯಾವ ಔಷಧಿ ಡಬ್ಬಿಯನ್ನಾದರೂ ತಿರುಗಿಸಿ ನೋಡಿ. ಓರೆಯಾಗಿ ನಿಲ್ಲಿಸಿದ ಒಂದು ಚೌಕ, ಅದರ ಕೆಳಗಿನ ಅರ್ಧಕ್ಕೆ ಬಣ್ಣ ತುಂಬಿದ ತ್ರಿಕೋನ. ಕೆಂಪಿದ್ದರೆ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಇನ್ನೂ ಕೆಳಗೆ, ಹಸಿರು ಎಲ್ಲಕ್ಕಿಂತ ಸೌಮ್ಯ. ಓದು ಬಾರದವರಿಗೂ ಅಪಾಯದ ಅಳತೆ ತಿಳಿಯಲಿ ಎಂದು 1971ರ ಕೀಟನಾಶಕ ನಿಯಮಗಳಲ್ಲಿ ಈ ಬಣ್ಣಗಳನ್ನು ಇಟ್ಟಿದ್ದಾರೆ. ತೋಟದಲ್ಲಿ ಔಷಧಿ ಹೊಡೆಯುವ ಆಳು ಡಬ್ಬಿಯ ಬಣ್ಣ ನೋಡಿ, "ಇದು ಕೆಂಪು, ಕೈಗವಸು ಕೊಡಿ" ಅಂತ ಕೇಳುತ್ತಾನೆ. ಕೇಳಿದ್ದಕ್ಕೆ ಅವನನ್ನು ಯಾರೂ ಬೈಯುವುದಿಲ್ಲ.

ಮೈಯೊಳಗೆ ಇಟ್ಟ ವಸ್ತುವಿನ ವಿಷಯದಲ್ಲಿ ಹೀಗಿಲ್ಲ. ನನ್ನ ಚಿಕ್ಕಮ್ಮನ ಎಡಗಡೆ ಎದೆಯೊಳಗೆ 2014ರಿಂದ ಒಂದು ಸಿಲಿಕೋನ್ ಚೀಲ ಇದೆ. ಮೊಲೆಯ ಕ್ಯಾನ್ಸರಾಗಿ, ಆ ಮೊಲೆ ತೆಗೆದು, ಅದೇ ಜಾಗಕ್ಕೆ ಇಟ್ಟ ಇಂಪ್ಲಾಂಟ್ ಅದು. ಯಾವ ಕಂಪನಿಯದು, ಅದರ ಮೈ ನುಣುಪೋ ತರಿಯೋ, ಅವಳಿಗೆ ಗೊತ್ತಿಲ್ಲ. ಆಸ್ಪತ್ರೆಯವರು ಬಿಡುಗಡೆಯ ಹೊತ್ತಿಗೆ ಕೊಟ್ಟ ಕಾಗದದಲ್ಲಿ ಅದರ ಬಗ್ಗೆ ಇರುವುದು ಒಂದೇ ಸಾಲು: ಇಂಪ್ಲಾಂಟ್ ಬಳಸಿ ಪುನರ್ರಚನೆ ಮಾಡಲಾಗಿದೆ. ವರ್ಷಗಳ ಮೇಲೆ ನಾನು ಆ ಆಸ್ಪತ್ರೆ ಇರುವ ಊರಿಗೆ ಹೋದಾಗ ರೆಕಾರ್ಡ್ ಕೋಣೆಯ ಕಿಟಕಿಯಲ್ಲಿ ನಿಂತು ಕೇಳಿದೆ. ಒಳಗಿದ್ದವರು ಒರಟಾಗಿ ಮಾತಾಡಲಿಲ್ಲ, ಪ್ರೀತಿಯಿಂದಲೇ ಹೇಳಿದರು: "ಅದೆಲ್ಲ ಡಾಕ್ಟ್ರಿಗೆ ಗೊತ್ತಿರುತ್ತೆ ಅಮ್ಮ, ನಿಮಗ್ಯಾಕೆ ಅದರ ಚಿಂತೆ?"

ನನ್ನ ಜಗಳ ಆ ಗುಮಾಸ್ತರ ಜೊತೆ ಅಲ್ಲ. ಆ ಮಾತಿನ ಜೊತೆ. ಡಾಕ್ಟರಿಗೆ ಗೊತ್ತಿದ್ದರೆ ಸಾಕು ಎಂಬ ಆ ನಂಬಿಕೆ ಮೂಡಿಗೆರೆಯ ಬಸ್‌ಸ್ಟ್ಯಾಂಡಿನಿಂದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಎಲ್ಲ ಕಡೆ ಇದೆ. ಅದು ತಪ್ಪು, ಮತ್ತು ಅದರಿಂದ ಜೀವ ಹೋಗಬಹುದು ಎಂದು ನಾನು ಹೇಳುತ್ತಿದ್ದೇನೆ.

ಮೊದಲು ವಿಷಯವೇನು ನೋಡೋಣ. ಸಿಲಿಕೋನ್ ಚೀಲಗಳಲ್ಲಿ ಎರಡು ಬಗೆಯ ಮೈ. ಒಂದು ನುಣುಪು, ಗಾಜಿನ ಗೋಲಿಯ ಹಾಗೆ. ಇನ್ನೊಂದು ತರಿತರಿ, ಒರಟು ಕಾಗದದ ಹಾಗೆ. ಅದನ್ನು ಟೆಕ್ಸ್ಚರ್ಡ್ ಎನ್ನುತ್ತಾರೆ. ಹೊರಗಿನ ವಸ್ತು ಯಾವುದು ಒಳಗೆ ಹೋದರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ, ಸರ್ಜನರ ಮಾತಿನಲ್ಲಿ ಕ್ಯಾಪ್ಸೂಲ್. ಕೆಲವರಲ್ಲಿ ಆ ಪೊರೆ ಬಿಗಿದು, ಚೀಲವನ್ನು ಹಿಂಡಿ, ಎದೆ ಕಲ್ಲಾಗಿ ನೋಯುತ್ತದೆ. ಮೈ ತರಿಯಾಗಿದ್ದರೆ ಹೀಗಾಗುವುದು ಕಡಿಮೆ. ಅಂಗಾಂಶ ಆ ತರಿಗೆ ಅಂಟಿಕೊಳ್ಳುವುದರಿಂದ ಹನಿಯಾಕಾರದ ಚೀಲ ಒಳಗೆ ತಿರುಗಿ ಮಗುಚುವುದೂ ಕಡಿಮೆ. ಇವು ಸುಳ್ಳು ಲಾಭಗಳಲ್ಲ. ಸರ್ಜನರು ತರಿ ಮೈಯನ್ನು ಆರಿಸಿದ್ದಕ್ಕೆ ಕಾರಣವಿತ್ತು.

ಆದರೆ ಆ ತರಿಯ ಸುತ್ತ, ಆ ಪೊರೆಯೊಳಗೆ, ಕೆಲವರಿಗೆ ಬೇರೊಂದು ಕ್ಯಾನ್ಸರ್ ಹುಟ್ಟುತ್ತದೆ. ಇದು ಮೊಲೆಯ ಕ್ಯಾನ್ಸರ್ ಅಲ್ಲ. ರೋಗನಿರೋಧಕ ಕಣಗಳಲ್ಲಿ ಹುಟ್ಟುವ ಲಿಂಫೋಮಾ. ವರ್ಷಗಟ್ಟಲೆ ಉರಿಯೂತ ನಡೆದು ನಡೆದು ಆ ಕಣಗಳು ಕೆಡುತ್ತವೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಮೊದಲ ವರದಿ ಬಂದದ್ದು 1997ರಲ್ಲಿ. 2008ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಇಂಪ್ಲಾಂಟಿಗೂ ಈ ರೋಗಕ್ಕೂ ನಂಟಿದೆ ಎಂದು ಲೆಕ್ಕ ಹಾಕಿ ತೋರಿಸಿದರು. 2011ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ನಂಟಿರುವ ಸಾಧ್ಯತೆಯನ್ನು ಬಹಿರಂಗವಾಗಿ ಹೇಳಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗಕ್ಕೆ ತನ್ನ ಪಟ್ಟಿಯಲ್ಲಿ ಪ್ರತ್ಯೇಕ ಹೆಸರು ಕೊಟ್ಟಿತು. 2019ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಒರಟು ತರಿಯ ಮತ್ತು ಪಾಲಿಯುರೆಥೇನ್ ಹೊದಿಕೆಯ ಚೀಲಗಳನ್ನು ನಿಷೇಧಿಸಿತು. ಅದೇ ವರ್ಷ ಜುಲೈ 24ರಂದು ಎಫ್‌ಡಿಎ ಕೋರಿಕೆಯ ಮೇಲೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ತರಿ ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಆ ಹೊತ್ತಿಗೆ ಎಫ್‌ಡಿಎ ಲೆಕ್ಕದಲ್ಲಿ 573 ಪ್ರಕರಣ, 33 ಸಾವು. ಆ 573ರಲ್ಲಿ 481 ಇದೇ ಒಂದು ಕಂಪನಿಯ ಚೀಲ ಇದ್ದವರದ್ದು.

ಆ ದಿನಗಳಲ್ಲಿ ನಮ್ಮ ತಾಲ್ಲೂಕು ಏನು ಮಾಡುತ್ತಿತ್ತು ಎಂದು ನೆನಪಿಸಿಕೊಳ್ಳುತ್ತೇನೆ. ಆ ಸುದ್ದಿ ಬಂದು ಹದಿನೈದು ದಿನವಾಗಿರಬೇಕು, ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿತು. ಚಾರ್ಮಾಡಿ ಘಾಟಿ ಕುಸಿದು ಮಂಗಳೂರಿನ ದಾರಿ ಮುಚ್ಚಿತು. ಮನೆ ಕಳೆದುಕೊಂಡವರಿಗೆ ಅಕ್ಕಿ, ಕಂಬಳಿ ಹೊಂದಿಸುವುದರಲ್ಲಿ ಎಲ್ಲರೂ ಮುಳುಗಿದ್ದೆವು. ಎದೆಯೊಳಗಿನ ಚೀಲದ ಸುದ್ದಿ ಯಾರ ಕಣ್ಣಿಗೂ ಬೀಳಲಿಲ್ಲ, ಯಾವ ಆಸ್ಪತ್ರೆಯಿಂದಲೂ ನಮ್ಮ ಮನೆಗೆ ಒಂದು ಕಾಗದ ಬರಲಿಲ್ಲ, ಒಂದು ಫೋನ್ ಬರಲಿಲ್ಲ. ಚಿಕ್ಕಮ್ಮನಿಗೆ ಆ ವಿಷಯ ಮುಟ್ಟಿದ್ದು ಎರಡು ವರ್ಷ ಬಿಟ್ಟು, ನಾನು ಬೇರೇನೋ ಓದುತ್ತಿದ್ದಾಗ ಕಣ್ಣಿಗೆ ಬಿದ್ದದ್ದರಿಂದ.

ಈಗ ಆ ನಂಬಿಕೆಯನ್ನು ಅದರ ಗಟ್ಟಿ ರೂಪದಲ್ಲೇ ಎದುರಿಟ್ಟುಕೊಳ್ಳುತ್ತೇನೆ. ಓದಿದ ಸರ್ಜನರೊಬ್ಬರು ಅದನ್ನು ಹೀಗೆ ಹೇಳಬಹುದು: "ಅಪಾಯ ಗೊತ್ತಾದ ಮೇಲೆ ನಾವೇ ತರಿ ಮೈಯನ್ನು ಬಿಟ್ಟು ನುಣುಪಿಗೆ ಬಂದೆವು. ರೋಗಿಯನ್ನು ಹೆದರಿಸದೆಯೇ ಕಾಪಾಡಿದೆವು. ವೈದ್ಯಕೀಯದ ತಿಳಿವಳಿಕೆ ಇರಬೇಕಾದ ಕೈಯಲ್ಲಿ ಇತ್ತು, ಅದು ತನ್ನ ಕೆಲಸ ಮಾಡಿತು."

ಮಾಡಿತೇ? ಆ ವರ್ಷಗಳನ್ನು ಇನ್ನೊಮ್ಮೆ ನೋಡಿ. 1997ರಿಂದ 2019ಕ್ಕೆ ಇಪ್ಪತ್ತೆರಡು ವರ್ಷ. 2011ರಿಂದ ಎಣಿಸಿದರೂ ಎಂಟು. ಅಷ್ಟು ಕಾಲ ಸರ್ಜನರ ನಿಯತಕಾಲಿಕಗಳಲ್ಲಿ, ಸಮ್ಮೇಳನಗಳಲ್ಲಿ ವಿಷಯ ಇತ್ತು. ಆದರೂ ತರಿ ಮೈಯ ಚೀಲಗಳು ಒಳಗೆ ಹೋಗುತ್ತಲೇ ಇದ್ದವು. ನನ್ನ ಚಿಕ್ಕಮ್ಮನಿಗೆ ಇಟ್ಟದ್ದು 2014ರಲ್ಲಿ. ಎಫ್‌ಡಿಎ ಹೇಳಿ ಮೂರು ವರ್ಷ ಕಳೆದಿತ್ತು. ಸರ್ಜನರ ತಿಳಿವಳಿಕೆಯೇ ರಕ್ಷಣೆ ಆಗಿದ್ದರೆ ಅದು ಆ ಮೂರು ವರ್ಷಗಳಲ್ಲಿ ಅವಳನ್ನು ತಲುಪಬೇಕಿತ್ತು.

ಇನ್ನೂ ಒಂದು ಸಂಗತಿಯಿದೆ, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಅದೇ ವರ್ಷಗಳಲ್ಲಿ ಅಮೆರಿಕದ ಸರ್ಜನರಲ್ಲಿ ಹೆಚ್ಚಿನವರು ನುಣುಪು ಮೈಯನ್ನೇ ಬಳಸುತ್ತಿದ್ದರು. ಯುರೋಪು, ಆಸ್ಟ್ರೇಲಿಯಗಳಲ್ಲಿ ಹೆಚ್ಚಿನವರು ತರಿಯನ್ನು. ಅವರೂ ಇವರೂ ಓದುವ ಪತ್ರಿಕೆಗಳು ಅವೇ, ಹೆಂಗಸರ ಎದೆಯೂ ಎಲ್ಲ ಕಡೆ ಒಂದೇ. ಆದರೂ ಕೈ ಬೇರೆ ಬೇರೆ ಚೀಲದ ಕಡೆ ಹೋಗುತ್ತಿತ್ತು. ಯಾಕೆಂದರೆ ಸರ್ಜನರ ಕೈ ನಡೆಯುವುದು ತಾನು ಕಲಿತ ಆಸ್ಪತ್ರೆಯ ರೂಢಿಯಲ್ಲಿ, ಹತ್ತಾರು ವರ್ಷ ಕೈಗೆ ಒಗ್ಗಿದ ಆಕಾರದಲ್ಲಿ, ಕಣ್ಣಿಗೆ ಚೆಂದ ಕಂಡ ಫಲಿತಾಂಶದಲ್ಲಿ. ಪೊರೆ ಬಿಗಿದ ರೋಗಿ ಎಷ್ಟೋ ಸಲ ಬೇಗನೆ ವಾಪಸ್ ಬಂದು ಎದುರು ಕೂರುತ್ತಾಳೆ. ಲಿಂಫೋಮಾ ಬರುವುದು ಸಾಮಾನ್ಯವಾಗಿ ಏಳು, ಎಂಟು, ಹತ್ತು ವರ್ಷ ಬಿಟ್ಟು, ಆ ಹೊತ್ತಿಗೆ ಅವಳು ಬೇರೆ ಊರಿನ ಬೇರೆ ಡಾಕ್ಟರ ಹತ್ತಿರ ಇರುತ್ತಾಳೆ. ಕಣ್ಣೆದುರಿಗಿನ ತೊಂದರೆ ಕೈಯನ್ನು ತಿದ್ದುತ್ತದೆ, ದೂರದ್ದು ತಿದ್ದುವುದಿಲ್ಲ. ಇದರಲ್ಲಿ ಯಾರ ದುಷ್ಟತನವೂ ಇಲ್ಲ, ಮನುಷ್ಯ ಇರುವುದೇ ಹೀಗೆ. ಆದ್ದರಿಂದಲೇ ಆ ಕೈಯೊಂದನ್ನೇ ನಂಬಿ ಕೂರಲಾಗದು. ಎಷ್ಟೋ ಸರ್ಜನರ ಕೈಯನ್ನು ತಿದ್ದಿದ್ದು ಕೊನೆಗೂ ಸರ್ಕಾರಿ ಆದೇಶ, ಕಂಪನಿಯ ಹಿಂಪಡೆತ, ಮತ್ತು ಬೀದಿಗೆ ಬಂದು ತಮ್ಮ ಹೆಸರು ಹೇಳಿಕೊಂಡು ಮಾತಾಡಿದ ರೋಗಿ ಹೆಂಗಸರು.

ಅಪಾಯ ಎಷ್ಟು ಎಂಬುದನ್ನೂ ಹೇಳಬೇಕು, ಹೇಳದೆ ಹೋದರೆ ನಾನೂ ಮುಚ್ಚಿಟ್ಟ ಹಾಗೆ. ಅಪಾಯ ಚಿಕ್ಕದು. ಆದರೆ ಎಲ್ಲ ಚೀಲಕ್ಕೂ ಒಂದೇ ಅಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನರ ಸಂಘ ಕೊಡುವ ಅಂದಾಜು, ತರಿಯ ಬಗೆಗೆ ತಕ್ಕಂತೆ, 2,207 ಮಂದಿಯಲ್ಲಿ ಒಬ್ಬರಿಂದ 86,029 ಮಂದಿಯಲ್ಲಿ ಒಬ್ಬರವರೆಗೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಒಬ್ಬರೇ ಸರ್ಜನ್ 1992ರಿಂದ 2017ರವರೆಗೆ ಒರಟು ತರಿಯ ಚೀಲ ಇಟ್ಟ 3,546 ಹೆಂಗಸರನ್ನು ಬೆನ್ನು ಹತ್ತಿ ನೋಡಿದಾಗ ಹತ್ತು ಮಂದಿಗೆ ಈ ರೋಗ ಬಂದಿತ್ತು. ಅಂದರೆ 355ರಲ್ಲಿ ಒಬ್ಬರಿಗೆ. ಆ ಲೆಕ್ಕ ಹೆಚ್ಚಾಗಿ ನನ್ನ ಚಿಕ್ಕಮ್ಮನಂಥವರದ್ದು, ಕ್ಯಾನ್ಸರಿಗೆ ಮೊಲೆ ತೆಗೆಸಿಕೊಂಡವರದ್ದು. ಇಂಪ್ಲಾಂಟ್ ಎಂಬ ಒಂದೇ ಮಾತಿನೊಳಗೆ 355ಕ್ಕೂ 86,029ಕ್ಕೂ ನಡುವಿನ ಅಂತರ ಅಡಗಿದೆ. ಬಿಡುಗಡೆಯ ಕಾಗದದಲ್ಲಿ ಆ ಒಂದು ಮಾತು ಬರೆದು ಸುಮ್ಮನಾಗುವುದೆಂದರೆ ಡಬ್ಬಿಯ ಮೇಲೆ "ಔಷಧಿ" ಎಂದಷ್ಟೇ ಬರೆದ ಹಾಗೆ.

"ಹಳ್ಳಿ ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಸುಮ್ಮನೆ ಹೆದರಿಕೊಳ್ಳುತ್ತಾರೆ" ಎನ್ನುವವರಿಗೆ ನಾನು ಅರೇಬಿಕಾ ತೋಟಕ್ಕೆ ಬನ್ನಿ ಎನ್ನುತ್ತೇನೆ. ಬಿಳಿ ಕಾಂಡಕೊರಕ, ಅಂದರೆ ಬೋರರ್, ಎಂಬ ಹುಳ ಅರೇಬಿಕಾ ಗಿಡದ ಕಾಂಡದೊಳಗೆ ಸೇರಿ ಕೊರೆಯುತ್ತದೆ. ಹೊರಗೆ ಕಾಣುವುದು ತೊಗಟೆಯ ಮೇಲೆ ಸುತ್ತಿಕೊಂಡಂತೆ ಎದ್ದ ಒಂದು ಏಣು, ಅಷ್ಟೆ. ಆ ಹುಳ ದುಂಬಿಯಾಗಿ ಹಾರುವ ಕಾಲ ವರ್ಷಕ್ಕೆ ಎರಡು, ಬೇಸಿಗೆ ಮಳೆಯ ಹೊತ್ತಿಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ. ಅದಕ್ಕೆ ಮೊದಲು ಆಳುಗಳು ಸಾಲು ಹಿಡಿದು ಬೋರರ್ ಹುಡುಕಬೇಕು. ಈ ಕೆಲಸ ಮಾಡುವವರಲ್ಲಿ ಎಷ್ಟೋ ಹೆಂಗಸರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಲೈನ್ ಮನೆಗಳಲ್ಲಿ ಕನ್ನಡದ ಜೊತೆ ತುಳು, ತಮಿಳು, ಈಚೆಗೆ ಅಸ್ಸಾಮಿನ ಕಡೆಯ ಮಾತುಗಳೂ ಕೇಳುತ್ತವೆ. ಆ ಹೆಂಗಸರು ಗಿಡದ ಮೈಮೇಲೆ ಕಣ್ಣಾಡಿಸಿ, ಬೆರಳಿನಿಂದ ತೊಗಟೆ ಸವರಿ, "ಇದರಲ್ಲಿ ಇದೆ" ಅಂತ ಗುರುತು ಹಾಕುತ್ತಾರೆ. ಹೊರಗೆ ಚೆನ್ನಾಗಿ ಕಾಣುವ ಗಿಡದೊಳಗೆ ಕೇಡು ಇರಬಹುದು, ಅದು ವರ್ಷಗಳ ಮೇಲೆ ತೋರಬಹುದು, ಬೇಗ ಕಂಡರೆ ಪಕ್ಕದ ಗಿಡಗಳು ಉಳಿಯುತ್ತವೆ ಎಂಬುದೆಲ್ಲ ಅವರ ದಿನಗೂಲಿಯ ತಿಳಿವಳಿಕೆ. ಇದನ್ನು ಬಲ್ಲವಳಿಗೆ "ಹತ್ತು ವರ್ಷ ಬಿಟ್ಟು ಒಂದು ಕಡೆ ಊದಿಕೊಂಡರೆ ತಡಮಾಡದೆ ಬಾ" ಎಂಬ ಮಾತು ಅರ್ಥವಾಗುವುದಿಲ್ಲವೇ?

ಬೆಳೆಗಾರನಿಗಾದರೆ ಎಲ್ಲವನ್ನೂ ಹೇಳುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಯಾವ ತಳಿ ಎಲೆ ತುಕ್ಕಿಗೆ ಬೇಗ ಬೀಳುತ್ತದೆ, ರೊಬಸ್ಟಾ ಬೋರರ್ ಕಾಟ ಹೇಗೆ ತಡೆಯುತ್ತದೆ ಎಂಬ ಗುಣದೋಷಗಳನ್ನು ಬಲ್ಲವರ ಬಾಯಿಂದ ಕೇಳಿಕೊಂಡು, ನೆರೆಯವರನ್ನೂ ವಿಚಾರಿಸಿ, ತನ್ನ ತೋಟದ ಎತ್ತರ, ನೆರಳು, ಮಳೆ ನೋಡಿ ಅವನು ನಿರ್ಧಾರ ಮಾಡುತ್ತಾನೆ. "ವಿಜ್ಞಾನಿಗೆ ಗೊತ್ತಿದ್ದರೆ ಸಾಕು, ನಿನಗ್ಯಾಕೆ" ಅಂತ ಅವನಿಗೆ ಯಾರಾದರೂ ಹೇಳಿದರೆ ಊರು ಒಪ್ಪುತ್ತದೆಯೇ? ಗಿಡದ ವಿಷಯದಲ್ಲಿ ಒಪ್ಪದ್ದನ್ನು ಹೆಣ್ಣಿನ ಮೈಯ ವಿಷಯದಲ್ಲಿ ನಾವು ಒಪ್ಪಿಕೊಂಡು ಕೂತಿದ್ದೇವೆ.

ಈ ನಂಬಿಕೆಗೆ ಕಾನೂನಿನ ಮುದ್ರೆಯೂ ಬಿದ್ದಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕದಿಂದಲೇ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು. ನಲವತ್ತನಾಲ್ಕು ವರ್ಷದ ಅವಿವಾಹಿತೆ, ಒಳಗೆ ನೋಡುವ ಪರೀಕ್ಷೆಗೆ ಒಪ್ಪಿ ಮಲಗಿದ್ದಳು. ಅರಿವಳಿಕೆಯಲ್ಲಿ ಇದ್ದಾಗ ತಾಯಿಯ ಒಪ್ಪಿಗೆ ಪಡೆದು ಅವಳ ಗರ್ಭಕೋಶ, ಅಂಡಾಶಯಗಳನ್ನು ತೆಗೆದರು. ಅದು ಒಪ್ಪಿಗೆಯೇ ಅಲ್ಲ ಎಂದು ಕೋರ್ಟ್ ಹೇಳಿತು, ಸರಿಯಾಗಿಯೇ ಹೇಳಿತು. ತಾನೇ ನಿರ್ಧರಿಸಬಲ್ಲ ವಯಸ್ಕ ಹೆಂಗಸಿನ ಪರವಾಗಿ ಇನ್ನೊಬ್ಬರು ಸಹಿ ಹಾಕಲಾಗದು ಎಂಬುದು ನಮ್ಮ ಕಡೆ ಇವತ್ತಿಗೂ ಹೇಳಬೇಕಾದ ಮಾತು. "ಯಜಮಾನ್ರು ಎಲ್ಲಿ, ಸೈನ್ ಮಾಡ್ಲಿ" ಎಂಬ ಕೂಗನ್ನು ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳದವರು ಯಾರಿದ್ದಾರೆ? ಆದರೆ ಅದೇ ತೀರ್ಪು ಇನ್ನೊಂದು ಕೆಲಸವನ್ನೂ ಮಾಡಿತು. ಅಮೆರಿಕದಲ್ಲಿ ರೋಗಿಗೆ ಕೊಡಬೇಕಾದಷ್ಟು ಮಾಹಿತಿ ಇಲ್ಲಿ ಕಡ್ಡಾಯವಲ್ಲ, ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಬಡವರು, ಓದು ಬಾರದವರು, ವೈದ್ಯಕೀಯ ವಿಷಯ ಅವರಿಗೆ ಗ್ರಹಿಸಲಾಗದು ಎಂಬ ತಿಳಿವಳಿಕೆಯ ಮೇಲೆ, ಎಷ್ಟು ಹೇಳಬೇಕೆಂಬುದನ್ನು ವೈದ್ಯರ ವಲಯದ ರೂಢಿಗೆ ಬಿಟ್ಟಿತು.

ಅಂಥದೇ ಅಳತೆಗೋಲು ಹುಟ್ಟಿದ್ದ ಬ್ರಿಟನ್ನಿನಲ್ಲಿ ಅದನ್ನು 2015ರಲ್ಲೇ ಬಿಟ್ಟರು. ಸ್ಕಾಟ್ಲೆಂಡಿನ ಲಾನಾರ್ಕ್‌ಶೈರಿನ ಸಕ್ಕರೆ ಕಾಯಿಲೆಯ ಗರ್ಭಿಣಿಯೊಬ್ಬಳಿಗೆ, ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ನೂರಕ್ಕೆ ಒಂಬತ್ತು ಹತ್ತರಷ್ಟು ಇದೆ ಎಂದು ವೈದ್ಯರು ಹೇಳಲಿಲ್ಲ. ಹೇಳಿದರೆ ಸಿಸೇರಿಯನ್ ಕೇಳುತ್ತಾಳೆ ಎಂಬುದೇ ಕಾರಣ. ಮಗು ಮೆದುಳಿನ ಊನದೊಂದಿಗೆ ಹುಟ್ಟಿತು. ವೈದ್ಯರ ವಲಯ ಎಷ್ಟು ಹೇಳುತ್ತದೆ ಎಂಬುದು ಮುಖ್ಯವಲ್ಲ, ಈ ರೋಗಿಯ ಸ್ಥಿತಿಯಲ್ಲಿ ಇರುವವಳಿಗೆ ಯಾವುದು ಮುಖ್ಯವೆನಿಸೀತೋ ಅದನ್ನು ಹೇಳಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ನಮ್ಮ ತೀರ್ಪಿನ ಹಿಂದಿನ ಆ ತಿಳಿವಳಿಕೆಯನ್ನು ನಾನು ಗೌರವದಿಂದಲೇ ಅಲ್ಲಗಳೆಯುತ್ತೇನೆ. ಬಡತನ ಎಂದರೆ ಬುದ್ಧಿಯ ಕೊರತೆ ಅಲ್ಲ. ಓದು ಬಾರದವಳಿಗೆ ಬಾಯಿಮಾತಲ್ಲಿ, ಅವಳ ಭಾಷೆಯಲ್ಲಿ ಹೇಳುವ ಜವಾಬ್ದಾರಿ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

"ಈ ರೋಗಿಯ ಸ್ಥಿತಿ" ಎಂಬುದು ನಮ್ಮ ಬೆಟ್ಟಗಳಲ್ಲಿ ಏನು, ಅದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. ಮೊಲೆ ತೆಗೆದ ಮೇಲೆ ಹೆಂಗಸಿನ ಮುಂದೆ ನಿಜಕ್ಕೂ ಇರುವ ದಾರಿಗಳು ಯಾವುವು? ಒಂದು ಇಂಪ್ಲಾಂಟ್, ತರಿಯದೋ ನುಣುಪಿನದೋ. ನುಣುಪಾದರೆ ಪೊರೆ ಬಿಗಿಯುವ ಸಂಭವ ಹೆಚ್ಚು, ರೇಡಿಯೇಷನ್ ಆಗಿದ್ದರೆ, ನಮ್ಮವರ ಮಾತಿನಲ್ಲಿ ಕರೆಂಟ್ ಕೊಟ್ಟಿದ್ದರೆ, ಇನ್ನೂ ಹೆಚ್ಚು. ಇನ್ನೊಂದು ದಾರಿ ಅವಳದೇ ಮೈಯ ಮಾಂಸ ತಂದು ಕಟ್ಟುವುದು. ಬೆನ್ನಿನ ಅಗಲ ಸ್ನಾಯುವನ್ನು ತಿರುಗಿಸಿ ಮುಂದಕ್ಕೆ ತರುತ್ತಾರೆ, ಇಲ್ಲವೇ ಹೊಟ್ಟೆಯ ಸ್ನಾಯು ಮತ್ತು ಕೊಬ್ಬನ್ನು. ಲಿಂಫೋಮಾದ ಸುದ್ದಿ ಕೇಳಿ ಬೆಚ್ಚಿದ ಎಷ್ಟೋ ಸರ್ಜನರು ಈ ದಾರಿಯತ್ತ ವಾಲಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ಬೆನ್ನಿನ ಸ್ನಾಯು ಏನು ಕೆಲಸ ಮಾಡುತ್ತದೆ? ಮೇಲೆ ಚಾಚಿದ ಕೈಯನ್ನು ಬಲವಾಗಿ ಕೆಳಗೆ ಎಳೆಯುತ್ತದೆ. ರೊಬಸ್ಟಾ ಕೊಯ್ಲಿನಲ್ಲಿ ಬೆಳಗ್ಗಿಂದ ಸಂಜೆವರೆಗೆ ತಲೆಗಿಂತ ಎತ್ತರದ ರೆಕ್ಕೆಯನ್ನು, ಅಂದರೆ ಕೊಂಬೆಯನ್ನು, ಬಗ್ಗಿಸಿ ಹಿಡಿದು ಕಾಯಿ ಕೀಳುವ ಹೆಂಗಸಿನ ಹೊಟ್ಟೆಪಾಡೇ ಆ ಸ್ನಾಯುವಿನಲ್ಲಿದೆ. ಹೊಟ್ಟೆಯದನ್ನು ತೆಗೆದರೆ, ಸಂಜೆ ತೂಕಕ್ಕೆ ಕಾಯಿಚೀಲ ಎತ್ತುವವಳಿಗೆ ಆ ಜಾಗ ಸಡಿಲಾಗಿ ಹರ್ನಿಯಾ ಆಗುವ ಭಯ. ಸ್ನಾಯು ಬಿಟ್ಟು ಬರೀ ಚರ್ಮ, ಕೊಬ್ಬು, ರಕ್ತನಾಳ ತರುವ ವಿಧಾನವೂ ಇದೆ, ಅದಕ್ಕೆ ಸೂಕ್ಷ್ಮ ಶಸ್ತ್ರಚಿಕಿತ್ಸೆಯ ತಂಡ ಬೇಕು, ತಾಸುಗಟ್ಟಲೆಯ ಆಪರೇಷನ್. ಮೂರನೆಯ ದಾರಿ ಏನನ್ನೂ ಇಡದಿರುವುದು, ಬೇಕೆಂದರೆ ಬ್ರಾ ಒಳಗೆ ಇಟ್ಟುಕೊಳ್ಳುವ ಹೊರಗಿನ ಮೊಲೆ. ಸಿಲಿಕೋನಿನದು ಭಾರ, ಬೆವರಿಗೆ ಕೆರೆತ. ಹತ್ತಿ ನೂಲಿನಲ್ಲಿ ಹೆಣೆದದ್ದು ಹಗುರ, ಆದರೆ ಆಷಾಢದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ.

ದೂರವೂ ಒಂದು ಸಂಗತಿ. ಇಂಪ್ಲಾಂಟ್ ಒಮ್ಮೆ ಇಟ್ಟರೆ ಮುಗಿಯಿತು ಎನ್ನುವ ವಸ್ತು ಅಲ್ಲ. ಸಿಲಿಕೋನ್ ಚೀಲ ಒಳಗೇ ಒಡೆದಿದೆಯೇ ಎಂದು ತಿಳಿಯಲು ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಮಾಡಿಸಿ ಎನ್ನುತ್ತದೆ ಎಫ್‌ಡಿಎ. ಗೋಣಿಬೀಡಿನಿಂದ ಅಂಥ ಒಂದು ತಪಾಸಣೆಗೆ ಹಾಸನವೋ ಮಂಗಳೂರೋ ಬೆಂಗಳೂರೋ. ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು, ಬಸ್ಸಿನ ದುಡ್ಡು ಬೇರೆ. ಈ ಎಲ್ಲದರಲ್ಲಿ ಯಾವುದನ್ನು ಯಾವುದರ ಬದಲಿಗೆ ಒಪ್ಪಿಕೊಳ್ಳಬೇಕು ಎಂದು ತೂಗಬಲ್ಲವರು ಯಾರು? ಸರ್ಜನರಿಗೆ ಲಿಂಫೋಮಾದ ಅಂಕಿ ಗೊತ್ತು, ರೊಬಸ್ಟಾ ರೆಕ್ಕೆಯ ಬಿಗಿ ಗೊತ್ತಿಲ್ಲ. ಚಿಕ್ಕಮ್ಮನಿಗೆ ರೆಕ್ಕೆಯ ಬಿಗಿ ಗೊತ್ತು, ಅಂಕಿ ಗೊತ್ತಿಲ್ಲ. ಇಬ್ಬರೂ ಎದುರು ಕೂತು ಅವರದನ್ನು ಇವರು, ಇವರದನ್ನು ಅವರು ಕೇಳಿಸಿಕೊಳ್ಳದೆ ಆದ ಆಯ್ಕೆ ಅರ್ಧ ಕುರುಡು ಆಯ್ಕೆ.

"ಜೀವ ಉಳಿದಿದೆಯಲ್ಲ, ಮೊಲೆ ಯಾಕೆ ಬೇಕು ಈ ವಯಸ್ಸಿಗೆ?" ಎಂಬ ಇನ್ನೊಂದು ಮಾತಿದೆ. ಇಂಪ್ಲಾಂಟ್ ವಿಷಯ ಪೇಟೆಯ ಸಿರಿವಂತರದು, ಕಾಫಿ ಕೊಯ್ಯುವವರಿಗೆ ಏನು ಸಂಬಂಧ ಎಂಬ ಮಾತೂ ಅದರ ತಂಗಿ. ನಮ್ಮಲ್ಲಿ ಬಹುಪಾಲು ಹೆಂಗಸರಿಗೆ ಮೊಲೆ ತೆಗೆದು ಹೊಲಿಗೆ ಹಾಕಿ ಕಳಿಸುತ್ತಾರೆ, ನಿಜ. ಆದರೆ ಅವರೆಲ್ಲ ಬೇಡ ಎಂದರೇ? ಅವರನ್ನು ಕೇಳಿದರೇ? 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೆಂಗಸರಲ್ಲಿ ಹೊಸದಾಗಿ ಮೊಲೆ ಕ್ಯಾನ್ಸರ್ ಕಂಡಿತು, ಸುಮಾರು 98,000 ಮಂದಿ ಅದರಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಬದುಕಿ ಉಳಿದವರಲ್ಲಿ ಎಷ್ಟು ಮಂದಿ ಸ್ನಾನದ ಮನೆಯ ಕನ್ನಡಿ ತೆಗೆಸಿದ್ದಾರೆ, ಮದುವೆ ಮನೆಗೆ ಹೋಗುವುದನ್ನು ಬಿಟ್ಟಿದ್ದಾರೆ, ಮಗಳ ಎದುರೂ ಸೆರಗು ಸರಿಸದೆ ಇದ್ದಾರೆ, ಅದನ್ನು ಯಾರೂ ಎಣಿಸುವುದಿಲ್ಲ. ಈಗ ಲಿಂಫೋಮಾದ ಸುದ್ದಿ ಬಂದ ಮೇಲೆ ಈ ಮಾತಿಗೆ ಹೊಸ ಬಲ ಸಿಕ್ಕಿದೆ. "ಇಂಪ್ಲಾಂಟ್ ಹಾಕಿದರೆ ಕ್ಯಾನ್ಸರ್ ಬರುತ್ತೆ, ಬೇಡ ಬಿಡಿ" ಅಂತ ಒಂದೇ ವಾಕ್ಯದಲ್ಲಿ ಬಾಗಿಲು ಹಾಕಬಹುದು. ತರಿ ನುಣುಪುಗಳ ಭೇದ ಹೇಳದೆ, ಅಂಕಿ ಹೇಳದೆ, ಬೇರೆ ದಾರಿ ಹೇಳದೆ. ಅಂದು ಅಪಾಯ ಮುಚ್ಚಿಟ್ಟು ಚೀಲ ಇಟ್ಟದ್ದೂ, ಇಂದು ಅಪಾಯವನ್ನು ನೆಪ ಮಾಡಿ ಇಲ್ಲ ಎನ್ನುವುದೂ ಒಂದೇ ಬೇರಿನವು. ಎರಡರಲ್ಲೂ ನಿರ್ಧಾರ ಮುಗಿದ ಮೇಲೆ ಅವಳನ್ನು ಒಳಗೆ ಕರೆಯುತ್ತಾರೆ.

ಹೆದರಿಕೆಯ ಮಾತಿಗೆ ಬರುತ್ತೇನೆ. ಕೀಮೋದಲ್ಲಿ ಕೂದಲು ಉದುರಿದವಳು, ಕರೆಂಟಿಗೆ ಚರ್ಮ ಸುಟ್ಟುಕೊಂಡವಳು, "ಇದು ವಾಪಸ್ ಬರಬಹುದು" ಎಂಬ ಮಾತನ್ನು ಕೇಳಿಯೂ ಮನೆಗೆ ಬಂದು ಅನ್ನಕ್ಕೆ ಇಟ್ಟವಳು. ಅವಳಿಗೆ 355ರಲ್ಲಿ ಒಬ್ಬರು ಎಂಬ ಅಂಕಿ ಹೊರಲಾಗದ ಭಾರ ಎಂದು ನಾನು ನಂಬುವುದಿಲ್ಲ. ನಾನು ಚಿಕ್ಕಮ್ಮನಿಗೆ ಹೇಳಿದ ದಿನ ಅವಳು ಅಳಲಿಲ್ಲ. "ಆಗ್ಲೇ ಹೇಳಿದ್ರೆ ಎಂತ ಆಗ್ತಿತ್ತು? ಇಷ್ಟು ವರ್ಷ ಕೈಯಿಟ್ಟು ನೋಡ್ಕೊಳ್ತಿದ್ದೆ" ಅಂದಳು. ಅವಳ ಮುಖದಲ್ಲಿ ನನಗೆ ಕಂಡದ್ದು ಭಯಕ್ಕಿಂತ ಹೆಚ್ಚಾಗಿ ನೋವು, ತನ್ನನ್ನು ಮನುಷ್ಯಳೆಂದು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ನೋವು.

ಹೇಳದೆ ಇರುವುದರಿಂದ ಜೀವ ಹೋಗಬಹುದು ಎಂದೆ. ಹೇಗೆ ಎಂದರೆ ಹೀಗೆ. ಈ ಲಿಂಫೋಮಾ ಬಹುತೇಕ ಮೊದಲು ತೋರುವುದು ಊತವಾಗಿ. ವರ್ಷಗಟ್ಟಲೆ ಸುಮ್ಮನಿದ್ದ ಎದೆ ಇದ್ದಕ್ಕಿದ್ದಂತೆ ಒಂದು ಕಡೆ ದಪ್ಪವಾಗುತ್ತದೆ, ಚೀಲದ ಸುತ್ತ ನೀರು ತುಂಬಿಕೊಳ್ಳುತ್ತದೆ. ಆ ನೀರನ್ನು ಸೂಜಿಯಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ಸಿಡಿ30 ಎಂಬ ಗುರುತಿಗಾಗಿ ಪರೀಕ್ಷೆ ಮಾಡಿದರೆ ರೋಗ ಸಿಗುತ್ತದೆ. ಆ ಹಂತದಲ್ಲಿ ಸಿಕ್ಕರೆ ಚೀಲವನ್ನೂ ಸುತ್ತಲಿನ ಪೊರೆಯನ್ನೂ ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ, ಎಷ್ಟೋ ಮಂದಿಗೆ ಕೀಮೋ ಕೂಡ ಬೇಡ. ತಡವಾಗಿ ಗಂಟು ಕಟ್ಟಿ ಹರಡಿದರೆ ಆ ಮಾತಿಲ್ಲ. ಈಗ ಹೇಳಿ, ಆ ಊತ ಕಂಡ ದಿನ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ಹತ್ತು ವರ್ಷದ ಹಿಂದಿನ ಸರ್ಜನರ ಹತ್ತಿರ ಅಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಪ್ಪಿದರೆ ಮೂಡಿಗೆರೆಯ ಆಸ್ಪತ್ರೆಗೆ. ಅಲ್ಲಿನ ಡಾಕ್ಟರು ಊತ ನೋಡಿ ಸೋಂಕು ಎಂದುಕೊಂಡು ಐದು ದಿನದ ಮಾತ್ರೆ ಬರೆದರೆ ಅವರನ್ನು ದೂರುವ ಹಾಗಿಲ್ಲ, ಒಳಗೆ ಇಂಪ್ಲಾಂಟ್ ಇದೆ ಎಂದೇ ಅವಳು ನಾಚಿಕೆಗೆ ಹೇಳಿರುವುದಿಲ್ಲ, ಹೇಳಿದರೂ ಯಾವುದು ಎಂದು ಅವಳಿಗೆ ಗೊತ್ತಿರುವುದಿಲ್ಲ. ಸರ್ಜನರ ತಲೆಯಲ್ಲಿದ್ದ ತಿಳಿವಳಿಕೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತಿರುತ್ತದೆ, ಊತ ಗೋಣಿಬೀಡಿನಲ್ಲಿ ಇರುತ್ತದೆ. 2019ಕ್ಕೆ ಮೊದಲು ಇಟ್ಟ ಚೀಲಗಳಿಗೆ ಆ ಏಳರಿಂದ ಹತ್ತು ವರ್ಷದ ಗಡುವು ಬಂದೇ ಬಿಟ್ಟಿದೆ.

ಮಾಡಬೇಕಾದದ್ದು ಅಸಾಧ್ಯದ್ದೇನಲ್ಲ. ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯೊಳಗೆ ಕಂಪನಿ, ಮಾದರಿ, ಕ್ರಮಸಂಖ್ಯೆ ಅಚ್ಚಾದ ಅಂಟುಚೀಟಿಗಳು ಇರುತ್ತವೆ, ರೋಗಿಗೆ ಕೊಡಲೆಂದು ಒಂದು ಕಾರ್ಡ್ ಇರುತ್ತದೆ. ಆಪರೇಷನ್ ಕೋಣೆಯಲ್ಲಿ ಅದನ್ನು ಕಿತ್ತು ಕೇಸ್ ಶೀಟಿಗೆ ಅಂಟಿಸುತ್ತಾರೆ, ಆ ಕೇಸ್ ಶೀಟ್ ರೆಕಾರ್ಡ್ ಕೋಣೆಯಲ್ಲಿ ಹಳತಾಗಿ ಒಂದು ದಿನ ಹೊರಗೆ ಹೋಗುತ್ತದೆ. ಎರಡನೆಯ ಚೀಟಿ ಹೆಂಗಸಿನ ಕೈಗೆ ಹೋಗಬೇಕು, ಅಷ್ಟೆ. 2021ರ ಅಕ್ಟೋಬರಿನಿಂದ ಅಮೆರಿಕದಲ್ಲಿ, ಅಪಾಯಗಳ ಪಟ್ಟಿಯನ್ನು ರೋಗಿಯ ಮುಂದೆ ಇಟ್ಟು ಓದಿಸಿ ಸಹಿ ಪಡೆಯದ ಆಸ್ಪತ್ರೆಗೆ ಇಂಪ್ಲಾಂಟ್ ಮಾರುವಂತಿಲ್ಲ. ಅದೇ ಪಟ್ಟಿ ಕನ್ನಡದಲ್ಲಿ ಯಾಕೆ ಇರಬಾರದು? ಓದಲು ಬಾರದವಳಿಗೆ ನರ್ಸಮ್ಮ ಯಾಕೆ ಓದಿ ಹೇಳಬಾರದು? ವೈದ್ಯಕೀಯ ಸಾಧನಗಳಿಂದ ಆದ ತೊಂದರೆಗಳನ್ನು ದಾಖಲಿಸಲು ಮೆಟೀರಿಯೊವಿಜಿಲೆನ್ಸ್ ಎಂಬ ಸರ್ಕಾರಿ ವ್ಯವಸ್ಥೆ 2015ರಿಂದ ನಮ್ಮ ದೇಶದಲ್ಲೇ ಇದೆ. ಆದರೆ ತನ್ನೊಳಗಿನ ಸಾಧನದ ಹೆಸರೇ ಗೊತ್ತಿಲ್ಲದವಳು ಅದರಲ್ಲಿ ಏನನ್ನು ಬರೆಸಿಯಾಳು? ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ಎದೆಯಲ್ಲಿ ಗಂಟಿದೆಯೇ, ಆಕಾರ ಬದಲಾಗಿದೆಯೇ ಎಂಬ ಪ್ರಶ್ನೆಗಳು ಈಗಾಗಲೇ ಇವೆ. ಅವುಗಳ ಪಕ್ಕಕ್ಕೆ, ಒಳಗೆ ಏನಾದರೂ ಇಟ್ಟಿದ್ದಾರೆಯೇ ಎಂಬ ಇನ್ನೊಂದು ಸಾಲು ಸೇರಲಿ.

ಇಷ್ಟಾಗಿಯೂ ಊತ, ನೋವು ಇಲ್ಲದವರು ಹೆದರಿ ಚೀಲ ತೆಗೆಸಿಕೊಳ್ಳುವ ಅಗತ್ಯವಿಲ್ಲ ಎಂಬುದು ಎಫ್‌ಡಿಎ ಸಲಹೆ, ಅದನ್ನೂ ನಾನು ಚಿಕ್ಕಮ್ಮನಿಗೆ ಹೇಳಿದೆ. ಅವಳು ತೆಗೆಸುವುದಿಲ್ಲ ಎಂದು ತೀರ್ಮಾನಿಸಿದ್ದಾಳೆ. ಅದು ಅವಳ ತೀರ್ಮಾನ, ಎರಡು ರಾತ್ರಿ ಯೋಚಿಸಿ ಮಾಡಿದ್ದು.

ಕಳೆದ ಕೊಯ್ಲು ಮುಗಿದ ಮೇಲೆ ಒಂದು ದಿನ ಅವಳನ್ನು ಊರಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಎಳೆಯ ವಯಸ್ಸಿನ ಡಾಕ್ಟರು ನಮ್ಮ ಮಾತು ಪೂರ್ತಿ ಕೇಳಿದರು. ಫೋನಿನಲ್ಲಿ ಏನೋ ಹುಡುಕಿ ಓದಿಕೊಂಡರು. ಆಮೇಲೆ ಅವಳ ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಎಡ ಎದೆ, ಸಿಲಿಕೋನ್ ಇಂಪ್ಲಾಂಟ್, 2014. ಕಂಪನಿ ಗೊತ್ತಿಲ್ಲ. ಮೈ ಗೊತ್ತಿಲ್ಲ. ಊತ ಬಂದರೆ ನೀರು ತೆಗೆದು ಸಿಡಿ30 ಪರೀಕ್ಷೆಗೆ ಕಳಿಸಬೇಕು. ಚಿಕ್ಕಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಆ ಜಾಗ ಗುರುತು ಮಾಡಿಕೊಂಡಳು. ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿ, ರೇಷನ್ ಕಾರ್ಡ್ ಇಡುವ ಡಬ್ಬಿಯಲ್ಲಿ ಇಟ್ಟಿದ್ದಾಳೆ.